ಶಿರಾಡಿಯಲ್ಲಿ ಹತ್ತಿದ ರಿಸರ್ವ್ ಲೈಟು

ಬೆಂಗಳೂರಿಂದ ಮಂಗಳೂರಿಗೆ ಹೊರಟರೆ ನನ್ನ ಬೈಕಿನ ರಿಸರ್ವ್ ಲೈಟು, ಅಂದರೆ ಪೆಟ್ರೋಲ್ ಮುಗಿಯುತ್ತಾ ಬಂತು ಅನ್ನುವ ದೀಪ, ಹತ್ತುವುದು ಉಪ್ಪಿನಂಗಡಿ ದಾಟಿದ ಮೇಲೆ. ಮೂರು ವರ್ಷ ಹಾಗೇ ನಡೆದಿತ್ತು. ಯಶವಂತಪುರದಲ್ಲಿ ಟ್ಯಾಂಕ್ ಫುಲ್, ಯಡಿಯೂರಿನಲ್ಲಿ ತಿಂಡಿ, ಸಕಲೇಶಪುರದಲ್ಲಿ ಕಾಫಿ, ಘಾಟಿ ಇಳಿದು ಮತ್ತೆ ಪೆಟ್ರೋಲು. ಕಳೆದ ಡಿಸೆಂಬರಿನಲ್ಲಿ ಮಾತ್ರ ಆ ಲೈಟು ಮಾರನಹಳ್ಳಿ ಹತ್ತಿರವೇ ಹತ್ತಿತು. ಟ್ರಿಪ್ ಮೀಟರಿನಲ್ಲಿ 241 ಕಿ.ಮೀ. ಮುಂದೆ ಶಿರಾಡಿ ಘಾಟಿ, ಎರಡೂ ಕಡೆ ಕಾಡು, ಹಿಂದಿನ ಸೀಟಿನಲ್ಲಿ ಹೆಂಡತಿ.

"ಏನ್ರೀ, ಆ ಹಳದಿ ಲೈಟು ಏನು?"

"ಏನಿಲ್ಲ" ಅಂದೆ. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸೋಣ ಅಂತ ಒಂದು ಕ್ಷಣ ಅನ್ನಿಸಿತು. ಮಾಡಲಿಲ್ಲ. ಎಫ್ಐ (ಫ್ಯೂಯಲ್ ಇಂಜೆಕ್ಷನ್) ಗಾಡಿಯಲ್ಲಿ ಗೇರ್ ಇದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಐಡಲ್ ಆಗಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಎಂಜಿನ್ನೇ ಗಾಡಿಯ ವೇಗ ಹಿಡಿದಿಡುವ ಎಂಜಿನ್ ಬ್ರೇಕಿಂಗೂ ಹೋಯಿತು, ಪೆಟ್ರೋಲೂ ಹೋಯಿತು. ಮೂರನೇ ಗೇರಿನಲ್ಲಿ ಮೆಲ್ಲಗೆ ಇಳಿದು ಕೆಳಗಿನ ಬಂಕ್ ತಲುಪಿದೆವು.

ನನ್ನದು 400 ಸಿಸಿಗೆ ಸ್ವಲ್ಪ ಕಡಿಮೆ ಇರುವ, ಒಂದೇ ಸಿಲಿಂಡರಿನ, ಲಿಕ್ವಿಡ್ ಕೂಲ್ಡ್ ಟೂರಿಂಗ್ ಗಾಡಿ. ಕಂಪನಿ ಹೆಸರು ಬೇಡ, ತಪ್ಪು ಅವರದಲ್ಲ ಅಂತ ಕೊನೆಗೆ ಗೊತ್ತಾಯಿತು. ಟ್ಯಾಂಕು ಹದಿಮೂರೂವರೆ ಲೀಟರು, ಮೂರು ಉಳಿದಾಗ ಲೈಟು. ಅಂದರೆ ಹತ್ತೂವರೆ ಲೀಟರಿಗೆ 241. ಲೀಟರಿಗೆ 23. ಮೊದಲು ಇದೇ ದಾರಿಯಲ್ಲಿ, ಇದೇ ಇಬ್ಬರಿಗೆ 29 ಕೊಡುತ್ತಿತ್ತು.

ವಾಪಸ್ ಬಂದು ಸರ್ವಿಸ್ ಸೆಂಟರಿಗೆ ಹೋದೆ. "ಇದರ ಮೈಲೇಜೇ ಅಷ್ಟು ಸಾರ್. ಈಗ ಇ20 ಪೆಟ್ರೋಲ್ ಬೇರೆ" ಅಂದರು. ಎಲ್ಲ ಕಾಯಿಲೆಗೂ ಈಗ ಅದೊಂದೇ ಕಾರಣ ಅಲ್ವಾ? ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ಇ20 ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲು. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುತ್ತದೆ. 20% ಬೆರೆಸಿದರೆ ಶುದ್ಧ ಪೆಟ್ರೋಲಿಗಿಂತ 6-7% ಕಡಿಮೆ. ಆದರೆ ನಾವು ಅದಕ್ಕೂ ಮೊದಲು ಶುದ್ಧ ಪೆಟ್ರೋಲೇನೂ ಹಾಕುತ್ತಿರಲಿಲ್ಲ, ಇ10 ಹಾಕುತ್ತಿದ್ದೆವು. ಅಲ್ಲಿಂದ ಇಲ್ಲಿಗೆ ಮೂರೂವರೆ ಪರ್ಸೆಂಟ್ ವ್ಯತ್ಯಾಸ. 29 ಇದ್ದದ್ದು 28 ಆಗಬೇಕು. ಉಳಿದ ಐದು ಎಲ್ಲಿ ಹೋಯಿತು?

ಮೊದಲು ನನ್ನ ಅಳತೆ ಸರಿ ಇದೆಯಾ ನೋಡಬೇಕಿತ್ತು. ಮೀಟರಿನ ಮೇಲೆ ಬರುವ ಮೈಲೇಜು ನಂಬಬೇಡಿ; ನನ್ನದು ಆವಾಗಲೂ 27 ಅಂತ ತೋರಿಸುತ್ತಿತ್ತು. ಬಂಕಿನ ಗನ್ನು ಟಕ್ ಅಂತ ಆಟೋ ಕಟ್ ಆಗುವುದನ್ನೂ ನಂಬಬೇಡಿ, ಒಂದೊಂದು ಸಲ ಒಂದೊಂದು ಮಟ್ಟಕ್ಕೆ ನಿಲ್ಲುತ್ತದೆ. ಒಂದೇ ಬಂಕು, ಸಾಧ್ಯವಾದರೆ ಅದೇ ಪಂಪು, ಗಾಡಿ ನೆಟ್ಟಗೆ ನಿಂತಿರಬೇಕು. ಟ್ಯಾಂಕಿನ ಒಳಗಿನ ಪಟ್ಟಿಯ ತನಕ ನಿಧಾನವಾಗಿ ತುಂಬಿಸಿ ಟ್ರಿಪ್ ಸೊನ್ನೆ ಮಾಡಿದೆ. ಕನಿಷ್ಠ 200 ಕಿ.ಮೀ. ಓಡಿಸಿ ಅದೇ ಮಟ್ಟಕ್ಕೆ ತುಂಬಿಸಿದೆ. ಬಿಲ್ಲಿನ ಹಿಂದೆ ಬರೆದಿಟ್ಟೆ. ಎರಡು ವಾರ ಊರೊಳಗೆ ಆಫೀಸಿಗೆ ಓಡಿಸಿದ್ದು ಒಂದು ಲೆಕ್ಕ, ಎರಡು ಭಾನುವಾರ ನೆಲಮಂಗಲದಿಂದ ಚನ್ನರಾಯಪಟ್ಟಣಕ್ಕೆ ಹೋಗಿ ಬಂದದ್ದು ಇನ್ನೊಂದು.

ಊರಲ್ಲಿ 23. ಮೊದಲು 24 ಬರುತ್ತಿತ್ತು. ಹೈವೇಯಲ್ಲೂ 23. ಮೊದಲು 29.

ಈ ಎರಡು ಸಾಲು ಬರೆಯದೆ ಹೋಗಿದ್ದರೆ ಇನ್ನೂ ಗ್ಯಾರೇಜು ಸುತ್ತುತ್ತಿದ್ದೆ. ಸಿಗ್ನಲ್ಲು, ಹಂಪು, ಟ್ರಾಫಿಕ್ಕು ಇಲ್ಲದ ಕಡೆ ಮೈಲೇಜು ಜಾಸ್ತಿ ಬರಲೇಬೇಕು. ಪೆಟ್ರೋಲ್ ಕೆಟ್ಟಿದ್ದರೆ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಳಿಯಬೇಕಿತ್ತು. ಇಲ್ಲಿ ಊರಲ್ಲಿ ಒಂದು ಕಡಿಮೆ, ಹೈವೇಯಲ್ಲಿ ಆರು ಕಡಿಮೆ. ಹಾಗಾದರೆ ಹೈವೇಯಲ್ಲಿ ಮಾತ್ರ ಕಾಡುವಂಥದ್ದು ಏನೋ ಇದೆ.

ಇಷ್ಟು ಗೊತ್ತಿದ್ದೂ ನಾನು ಮೊದಲು ಬಿಚ್ಚಿದ್ದು ಏರ್ ಫಿಲ್ಟರನ್ನು! ಅಭ್ಯಾಸ ಬಲ. ಧೂಳು ತುಂಬಿತ್ತು, ಬದಲಾಯಿಸಿದೆ, ಏನೂ ಆಗಲಿಲ್ಲ. ಕಾರ್ಬುರೇಟರ್ ಕಾಲದಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಜಾಸ್ತಿ ಎಳೆಯುತ್ತಿತ್ತು. ಎಫ್ಐನಲ್ಲಿ ಗಾಳಿ ಕಡಿಮೆ ಬಂದರೆ ಪೆಟ್ರೋಲನ್ನೂ ಅಷ್ಟೇ ಕಡಿಮೆ ಬಿಡುತ್ತದೆ. ದಮ್ಮು ಹೋಗುತ್ತದೆ, ಮೈಲೇಜು ಅಷ್ಟಾಗಿ ಹೋಗುವುದಿಲ್ಲ.

ಆಮೇಲೆ ಬಾಕ್ಸುಗಳ ಕಡೆ ಕಣ್ಣು ಹೋಯಿತು. ಅಕ್ಟೋಬರಿನಲ್ಲಿ ಆಸೆಪಟ್ಟು ಎರಡು ಅಲ್ಯುಮಿನಿಯಂ ಪೆಟ್ಟಿಗೆ ಹಾಕಿಸಿದ್ದೆ. ಹ್ಯಾಂಡಲ್‌ಗಿಂತ ಅಗಲ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಲ್ಲಿ ಹೋಗುವವನು 95ಕ್ಕೆ ಏರಿಸಿದರೆ ತಡೆ ಸುಮಾರು 40% ಜಾಸ್ತಿ. ಪೆಟ್ಟಿಗೆ ಬಿಚ್ಚಿಟ್ಟು ಅದೇ ದಾರಿಯಲ್ಲಿ 80 ದಾಟದೆ ಓಡಿಸಿದೆ. ಬೈಕಿಗೆ ಅಲ್ಲಿ ಇರುವ ಮಿತಿಯೂ ಅಷ್ಟೇ ಅನ್ನಿ. 25 ಬಂತು. ಖುಷಿಯಾಯಿತು, ಆದರೆ ಇನ್ನೂ ಮೂರು ಬಾಕಿ.

ಬ್ರೇಕ್ ಹಿಡಿಯುತ್ತಿದೆಯಾ ಅಂತ ನೋಡಲು ನನ್ನದೊಂದು ಉಪಾಯ ಇದೆ. ಹತ್ತು ಕಿ.ಮೀ. ಓಡಿಸಿ, ಕೊನೆಯ ಅರ್ಧ ಕಿ.ಮೀ. ಹಿಂದಿನ ಬ್ರೇಕು ಮುಟ್ಟದೆ, ಗಾಡಿ ತಾನಾಗಿ ನಿಲ್ಲಲು ಬಿಡಿ. ಇಳಿದು ಡಿಸ್ಕಿನ ಮೇಲೆ ಎರಡು ಹನಿ ನೀರು ಚಿಮುಕಿಸಿ, ದೋಸೆ ಕಾವಲಿ ಕಾದಿದೆಯಾ ನೋಡುವ ಹಾಗೆ. ಕೈಯಿಂದ ಮುಟ್ಟಬೇಡಿ. ನನ್ನ ಹಿಂದಿನ ಡಿಸ್ಕ್ ಚುರ್ ಅಂದಿತು. ಪ್ಯಾಡಾಕ್ ಸ್ಟ್ಯಾಂಡಿಗೆ ಏರಿಸಿ ಕೈಯಲ್ಲಿ ಚಕ್ರ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿ ಕಂದು ಪುಡಿ ಹಿಡಿದಿದ್ದವು. ಕ್ಲೀನ್ ಮಾಡಿ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿದೆ. ಚೈನು ಬಿಗಿಯಿತ್ತು, ಸಡಿಲ ಮಾಡಿದೆ. ಟೈರಿಗೆ ಬೆಳಿಗ್ಗೆ ತಣ್ಣಗಿದ್ದಾಗ ಗಾಳಿ ನೋಡಿದರೆ ಹಿಂದೆ 32 ಪಿಎಸ್ಐ ಇರಬೇಕಾದದ್ದು 26 ಇತ್ತು. ಇದೆಲ್ಲ ನನ್ನ ಸೋಮಾರಿತನ, ಹೇಳಿಕೊಳ್ಳಲು ನಾಚಿಕೆ. ಇಷ್ಟಕ್ಕೂ ಬಂದದ್ದು 26. ಊರಲ್ಲೂ ಸ್ವಲ್ಪ ಏರಿ ಮೊದಲಿನ 24ರ ಹತ್ತಿರಕ್ಕೆ ಬಂತು, ಅಂದರೆ ಅಲ್ಲಿನ ಲೆಕ್ಕ ಮುಗಿಯಿತು. ಹೈವೇಯ ಎರಡು ಮಾತ್ರ ಸಿಗಲಿಲ್ಲ.

ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿ ಬಿಸ್ಕತ್ ಬಣ್ಣದಲ್ಲಿ ಇರಬೇಕಿತ್ತು. ಒಣ ಮಸಿ, ಬೆರಳಿಗೆ ಕಾಡಿಗೆಯ ಹಾಗೆ ಹತ್ತಿತು. ಎಣ್ಣೆ ಪಸೆ ಇರಲಿಲ್ಲ, ಹಾಗಾಗಿ ಎಂಜಿನ್ ಆಯಿಲ್ ಉರಿಯುತ್ತಿಲ್ಲ. ಪೆಟ್ರೋಲೇ ಜಾಸ್ತಿ ಬೀಳುತ್ತಿದೆ. ಪರಿಚಯದ ಮೆಕಾನಿಕ್ ನೋಡಿದ ತಕ್ಷಣ "ಓಟು ಸೆನ್ಸರ್ ಹೋಗಿದೆ ಸಾರ್, ಹಾಕಿಸಿಬಿಡಿ" ಅಂದ. ಹೊಗೆಯಲ್ಲಿ ಆಮ್ಲಜನಕ (O2) ಎಷ್ಟು ಉಳಿದಿದೆ ಅಂತ ನೋಡುವ ಸೆನ್ಸರು ಅದು. ಊಹೆಯ ಮೇಲೆ ಅಷ್ಟು ದುಡ್ಡು ಹಾಕಲು ಮನಸ್ಸು ಬರಲಿಲ್ಲ.

ಈಗಿನ ಬಿಎಸ್6 (ಹೊಗೆಯ ಹೊಸ ನಿಯಮದ) ಗಾಡಿಗಳಲ್ಲಿ ಸೀಟಿನ ಕೆಳಗೆ ಸಾಮಾನ್ಯವಾಗಿ ಆರು ಪಿನ್ನಿನ ಕೆಂಪು ಕನೆಕ್ಟರ್ ಇರುತ್ತದೆ. ಅದಕ್ಕೆ ಹೊಂದುವ ವೈರು, ಗಾಡಿಯ ಕಂಪ್ಯೂಟರಿನ ರೀಡಿಂಗನ್ನು ಫೋನಿಗೆ ಕಳಿಸುವ, ಕಾರಿಗೆ ಬಳಸುವ ಒಂದು ಬ್ಲೂಟೂತ್ ಒಬಿಡಿ ಡಾಂಗಲ್, ಫೋನಿನಲ್ಲಿ ಒಂದು ಆ್ಯಪ್. ಎಲ್ಲ ಗಾಡಿಗೂ ಎಲ್ಲ ರೀಡಿಂಗೂ ಬರುವುದಿಲ್ಲ, ನನ್ನದಕ್ಕೆ ಬಂತು. ಓಟು ಸೆನ್ಸರಿನ ವೋಲ್ಟೇಜು 0.1ರಿಂದ 0.9ರ ಮಧ್ಯೆ ಸರಸರ ಓಡಾಡುತ್ತಿತ್ತು. ಜೀವಂತವಾಗಿದೆ ಅಂತಲೇ ಅರ್ಥ. ಆ್ಯಪ್ ರೆಕಾರ್ಡ್ ಮಾಡಲು ಹಾಕಿ, ಫೋನ್ ಜೇಬಿಗೆ ಹಾಕಿಕೊಂಡು ಕುಣಿಗಲ್ ತನಕ ಹೋಗಿ ಬಂದೆ. ಮನೆಯಲ್ಲಿ ತೆಗೆದು ನೋಡಿದರೆ ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟಿನ ಬಿಸಿ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ 88 ಡಿಗ್ರಿ. ನೆಲಮಂಗಲ ಟೋಲ್ ದಾಟಿ ಹತ್ತು ನಿಮಿಷಕ್ಕೆ 61. ಕುಣಿಗಲ್ ಬರುವ ತನಕ ಅಲ್ಲೇ.

ತಲೆ ಚಚ್ಚಿಕೊಂಡೆ. ಯಾಕಂದರೆ ಮೀಟರಿನ ಮೇಲೆ ಟೆಂಪರೇಚರ್ ಗೆರೆ ನಾಲ್ಕರಿಂದ ಎರಡಕ್ಕೆ ಇಳಿದದ್ದನ್ನು ತಿಂಗಳುಗಟ್ಟಲೆ ನೋಡಿದ್ದೆ. ನೋಡಿ ಸಂತೋಷವನ್ನೂ ಪಟ್ಟಿದ್ದೆ! ಎಂಜಿನ್ ಎಷ್ಟು ಕೂಲಾಗಿದೆ ಅಂತ ಸ್ನೇಹಿತರ ಹತ್ತಿರ ಕೊಚ್ಚಿಕೊಂಡಿದ್ದೂ ಉಂಟು.

ಕೂಲೆಂಟ್ ದಾರಿಯಲ್ಲಿ ಥರ್ಮೋಸ್ಟ್ಯಾಟ್ ಅಂತ ಒಂದು ಸಣ್ಣ ಬಾಗಿಲು ಇರುತ್ತದೆ. ಒಳಗೆ ಮೇಣ. ಎಂಜಿನ್ ಕಾಯುವ ತನಕ ಮುಚ್ಚಿರುತ್ತದೆ, ಕಾದ ಮೇಲೆ ಮೇಣ ಹಿಗ್ಗಿ ಬಾಗಿಲು ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದು ತೆರೆದೇ ಉಳಿದರೆ ಹೈವೇ ಗಾಳಿಗೆ ಎಂಜಿನ್ ಕಾಯುವುದೇ ಇಲ್ಲ. ಊರಲ್ಲಿ ಗಾಳಿ ಹೊಡೆಯದ ಕಾರಣ ಹೇಗೋ ಕಾಯುತ್ತದೆ, ತೊಂದರೆ ಕಾಣುವುದಿಲ್ಲ. 61 ಡಿಗ್ರಿ ಕಂಡ ಗಾಡಿಯ ಕಂಪ್ಯೂಟರು ಎಂಜಿನ್ ಇನ್ನೂ ಬೆಚ್ಚಗಾಗುತ್ತಿದೆ ಅಂದುಕೊಂಡು ಪೆಟ್ರೋಲ್ ಸ್ವಲ್ಪ ಜಾಸ್ತಿ ಬಿಡುತ್ತಲೇ ಇರುತ್ತದೆ. ಹಳೆ ಗಾಡಿಯಲ್ಲಿ ಚೋಕ್ ಎಳೆದುಕೊಂಡೇ ಹಾಸನಕ್ಕೆ ಹೋದ ಹಾಗೆ.

ಮಾರನೇ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕೂಲೆಂಟ್ ಇಳಿಸಿದೆ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ, ಮುಖಕ್ಕೆ ಹಾರುತ್ತದೆ. ಎರಡು ಬೋಲ್ಟು ಬಿಚ್ಚಿದರೆ ಥರ್ಮೋಸ್ಟ್ಯಾಟ್ ಕೈಗೆ ಬಂತು. ಬೆಳಕಿಗೆ ಹಿಡಿದೆ. ತಣ್ಣಗಿದ್ದಾಗ ಬಿಗಿಯಾಗಿ ಮುಚ್ಚಿರಬೇಕಾದ ಬಾಗಿಲಿನ ಒಂದು ಅಂಚಿನಲ್ಲಿ ಬಿದಿಗೆ ಚಂದ್ರನಷ್ಟು ಸಂದು. ಸಂದಿನಲ್ಲಿ ಬಿಳಿ ಹಕ್ಕಳೆ, ಗೀಸರ್ ಕಾಯಿಲಿನ ಮೇಲೆ ಕಟ್ಟುತ್ತದಲ್ಲ, ಅದೇ.

ಅದು ಎಲ್ಲಿಂದ ಬಂತು ಅಂತ ಯೋಚಿಸಬೇಕಾಗಲಿಲ್ಲ. ಆ ಡಿಸೆಂಬರಿನ ಹಿಂದಿನ ವರ್ಷದ ಬೇಸಿಗೆಯಲ್ಲಿ ಚಳ್ಳಕೆರೆ ಹತ್ತಿರ ಹೋಸ್ ಕ್ಲಿಪ್ ಸಡಿಲವಾಗಿ ಕೂಲೆಂಟ್ ಸೋರಿತ್ತು. ಪಕ್ಕದ ಡಾಬಾದ ಬೋರ್‌ವೆಲ್ ನೀರನ್ನೇ ಒಂದು ಲೀಟರ್ ಹಾಕಿಕೊಂಡು ಮನೆ ಸೇರಿದ್ದೆ. ದಾರಿಯಲ್ಲಿ ಬೇರೆ ಗತಿ ಇರಲಿಲ್ಲ, ಸರಿ. ಬಂದ ಮೇಲೆ ತೆಗೆಸಿ ತೊಳೆಸಬೇಕಿತ್ತು. ಮರೆತೆ. ಆ ಗಡಸು ನೀರು ಒಂದೂವರೆ ವರ್ಷ ಒಳಗೇ ಸುತ್ತಿದೆ.

ಹೊಸದನ್ನು ಹಾಕುವ ಮೊದಲು ಅಡಿಗೆಮನೆಯಲ್ಲಿ ಪರೀಕ್ಷೆ ಮಾಡಿದೆ. ಪಾತ್ರೆಗೆ ನೀರು, ದಾರದಲ್ಲಿ ನೇತುಹಾಕಿದ ಹಳೆಯದು ಮತ್ತು ಹೊಸದು, ಪಕ್ಕದಲ್ಲಿ ಥರ್ಮಾಮೀಟರು. ಅಮ್ಮ ಬಂದು ಇಣುಕಿ "ಅದೇನೋ ಬೇಯ್ತಿರೋದು?" ಅಂದರು. ಹೊಸದರ ಮೇಲೆ 82 ಅಂತ ಕೊರೆದಿತ್ತು. 80 ದಾಟುವ ತನಕ ಅಲುಗಲಿಲ್ಲ, ಆಮೇಲೆ ಮೊಗ್ಗು ಬಿರಿದ ಹಾಗೆ ಮೆಲ್ಲಗೆ ತೆರೆಯಿತು. ಹಳೆಯದು ಮೊದಲಿಂದಲೂ ಬಾಯಿ ಬಿಟ್ಟುಕೊಂಡೇ ಇತ್ತು.

ಡಿಸ್ಟಿಲ್ಡ್ ವಾಟರ್ ಹಾಕಿ ಮೂರು ಸಲ ತೊಳೆದೆ. ಮೂರನೇ ಸಲ ನೀರು ತಿಳಿಯಾಗಿ ಬಂತು. ಹೊಸ ಒ-ರಿಂಗ್, ಮ್ಯಾನ್ಯುಯಲ್ಲಿನಲ್ಲಿ ಹೇಳಿದ ರೆಡಿ ಮಿಕ್ಸ್ ಕೂಲೆಂಟ್. ತುಂಬಿಸಿದ ಮೇಲೆ ಮುಚ್ಚಳ ತೆಗೆದಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿ, ಗುಳ್ಳೆ ಬರುವುದು ನಿಲ್ಲುವ ತನಕ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋದೆ. ಒಳಗೆ ಗಾಳಿ ಉಳಿದರೆ ಈ ಸಲ ಉಲ್ಟಾ ಕಥೆ, ಎಂಜಿನ್ ಕಾದು ಕೂರುತ್ತದೆ. ಮಾರನೇ ದಿನ ಪಕ್ಕದ ಬಾಟಲಿನಲ್ಲಿ ಮಟ್ಟ ಇಳಿದಿತ್ತು, ತುಂಬಿಸಿದೆ.

ಮುಂದಿನ ಭಾನುವಾರ ಅದೇ ಚನ್ನರಾಯಪಟ್ಟಣ. ಹೈವೇಯಲ್ಲಿ ಗೆರೆ ನಾಲ್ಕೇ, ಕೂಲೆಂಟ್ 84ರ ಆಸುಪಾಸು. ಲೀಟರಿಗೆ 28. ಇ20 ತಿಂದ ಆ ಒಂದನ್ನು ಬಿಟ್ಟುಕೊಟ್ಟೆ. ಪೆಟ್ಟಿಗೆ ಹಾಕಿದರೆ ಈಗಲೂ 26, ಆದರೆ ಅದನ್ನು ಮಾರಲು ಮನಸ್ಸಿಲ್ಲ. ಲೈಟು ನೆಲ್ಯಾಡಿ ಹತ್ತಿರ ಹತ್ತುತ್ತದೆ, ಅಲ್ಲಿಂದ ಉಪ್ಪಿನಂಗಡಿ ದೂರವೇನಲ್ಲ.

ಕೂಲೆಂಟ್ ವಿಷ, ಅದು ಹತ್ತಿದ್ದನ್ನು ಕುದಿಸಿದ ಪಾತ್ರೆ ಮತ್ತೆ ಅಡಿಗೆಗೆ ಬರುವ ಹಾಗಿಲ್ಲ ಅಂತ ಅಮ್ಮನಿಗೆ ಹೇಳಿದ್ದು ಪರೀಕ್ಷೆ ಮುಗಿದ ಮೇಲೆ. ಅದು ಅವರು ದಿನಾ ಸಾರು ಮಾಡುತ್ತಿದ್ದ ಪಾತ್ರೆ. ಈಗ ಅದರಲ್ಲಿ ಚೈನ್ ತೊಳೆಯುವ ಸೀಮೆಎಣ್ಣೆ ಇಟ್ಟುಕೊಂಡಿದ್ದೇನೆ.