ಟೆಕ್ಸಾಸ್‌ನಲ್ಲಿ ಬೆಳವ ಬೇಟೆ: ಮೊದಲ ದಿನ ಯಾರು ಎಲ್ಲಿ ಕೂರಬೇಕು?

ಸೆಪ್ಟೆಂಬರ್ 1 ಬಂತೆಂದರೆ ಟೆಕ್ಸಾಸ್‌ನ ಹಳ್ಳಿಗಾಡಿನಲ್ಲಿ ಮನೆಮಂದಿ, ನೆಂಟರು, ಆಫೀಸಿನ ಗೆಳೆಯರು ಒಟ್ಟಾಗಿ ಕೋವಿ, ಐಸ್ ಪೆಟ್ಟಿಗೆ ಹೇರಿಕೊಂಡು ಬೆಳವ (ಡವ್) ಹಕ್ಕಿಯ ಬೇಟೆಗೆ ಹೊಲದ ದಾರಿ ಹಿಡಿಯುತ್ತಾರೆ. ಅಲ್ಲಿ ನೆಲೆಸಿದ ಕನ್ನಡಿಗರಿಗೂ ಇಂಥ ಕರೆ ಬರುವುದುಂಟು. ಹೋಗುವವರು ಗುರಿಯ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ, ಕೂರುವ ಜಾಗದ ಬಗ್ಗೆ ಕೇಳುವುದೇ ಇಲ್ಲ. ಮೊದಲ ದಿನ ಕೆಡುವುದು ಅಲ್ಲೇ. ಅಂದಹಾಗೆ ಇದು ಟೆಕ್ಸಾಸ್‌ನ ಹೊಲಕ್ಕಷ್ಟೇ ಅನ್ವಯ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧ.

ಮೊದಲು ಕಾಗದಪತ್ರ

ಟೆಕ್ಸಾಸ್ ಬೇಟೆ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಬೇಟೆ ಶುರುವಾಗುವುದು ಮರುದಿನ. ಹಳೆಯ ಲೈಸೆನ್ಸನ್ನೇ ಜೇಬಿಗೆ ಹಾಕಿಕೊಂಡು ಹೊಲಕ್ಕೆ ಬಂದು ಗೇಮ್ ವಾರ್ಡನ್ (ಬೇಟೆ ಕಾನೂನು ನೋಡಿಕೊಳ್ಳುವ ಅಧಿಕಾರಿ) ಕೈಗೆ ಸಿಕ್ಕಿಬೀಳುವವರು ಪ್ರತಿ ವರ್ಷ ಇರುತ್ತಾರೆ. ಹೊಸದು ಆಗಸ್ಟ್ 15ರಿಂದ ಸಿಗುತ್ತದೆ, ಆ ವಾರವೇ ಕೊಂಡುಬಿಡಿ. ಸತತ ಆರು ತಿಂಗಳು ಟೆಕ್ಸಾಸ್‌ನಲ್ಲಿ ವಾಸವಿದ್ದವರಿಗೆ 25 ಡಾಲರ್. ಅದರ ಜೊತೆ ವಲಸೆ ಹಕ್ಕಿ ಹೊಡೆಯುವ ಹೆಚ್ಚುವರಿ ಅನುಮತಿ, ಅಂದರೆ ವಲಸೆ ಹಕ್ಕಿಗಳ ಎಂಡೋರ್ಸ್‌ಮೆಂಟ್ 7 ಡಾಲರ್. ಕಳೆದ ವರ್ಷ ಯಾವ ಹಕ್ಕಿ ಎಷ್ಟು ಹೊಡೆದಿರಿ ಎಂದು ಕೇಳುವ 'ಹಿಪ್' (HIP) ಪ್ರಶ್ನೆಗಳಿಗೂ ಉತ್ತರಿಸಬೇಕು. ಅಂಗಡಿಯವರು ಅವಸರದಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಲೈಸೆನ್ಸಿನ ಮೇಲೆ ಹಿಪ್ ಎಂದು ಅಚ್ಚಾಗಿದೆಯೇ ಎಂದು ಕೌಂಟರ್ ಬಿಡುವ ಮುನ್ನ ನೋಡಿ. 1971ರ ಸೆಪ್ಟೆಂಬರ್ 2ರಂದು ಅಥವಾ ನಂತರ ಹುಟ್ಟಿದವರು ಹಂಟರ್ ಎಜುಕೇಶನ್ ತರಗತಿಯನ್ನೂ ಮುಗಿಸಿರಬೇಕು.

ನಮ್ಮವರಿಗೆ ಇನ್ನೊಂದು ಮಾತು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಫೆಡರಲ್ ಕಾನೂನಿನಲ್ಲಿ ತಡೆಯಿದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ. "ಸುಮ್ಮನೆ ಒಂದು ಈಡು ಹೊಡೆದು ನೋಡು ಮಾರಾಯ" ಎಂದು ಗೆಳೆಯ ಕೋವಿ ಕೊಟ್ಟರೂ ಲೈಸೆನ್ಸ್ ಇಲ್ಲದಿದ್ದರೆ ಕೈಕಟ್ಟಿ ಕೂರಿ. ವೀಸಾಕ್ಕೆ ಕುತ್ತು ತಂದುಕೊಳ್ಳುವಷ್ಟು ದೊಡ್ಡ ಮೋಜಲ್ಲ ಅದು.

ಉತ್ತರ ಮತ್ತು ಮಧ್ಯ ವಲಯದಲ್ಲಿ ಸೆಪ್ಟೆಂಬರ್ 1ಕ್ಕೆ ಶುರು, ದಕ್ಷಿಣ ವಲಯದಲ್ಲಿ ತಡ. ಗೆಳೆಯರ ಹೊಲ ಯಾವ ವಲಯದ್ದು ಎಂದು ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ನಕ್ಷೆಯಲ್ಲೇ ನೋಡಿಕೊಳ್ಳಿ.

ಕೋವಿ, ತೋಟೆ

12 ಅಥವಾ 20 ಗೇಜ್ (ನಳಿಗೆಯ ಅಗಲದ ಅಳತೆ) ಕೋವಿ, ಇಂಪ್ರೂವ್ಡ್ ಸಿಲಿಂಡರ್ ಚೋಕ್ (ಚರೆ ಅಗಲವಾಗಿ ಹರಡುವಂತೆ ನಳಿಗೆಯ ತುದಿ ತುಸುವೇ ಕಿರಿದಾಗಿರುವುದು), ಏಳೂವರೆ ಅಥವಾ ಎಂಟನೇ ನಂಬರಿನ ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು). ಇಷ್ಟೇ ಸಾಕು. ಬಾಕ್ಸಿನ ಮೇಲೆ ದೊಡ್ಡ ಅಕ್ಷರದಲ್ಲಿ ವೇಗದ ಜಂಬ ಕೊಚ್ಚಿಕೊಳ್ಳುವ ದುಬಾರಿ ತೋಟೆ ಭುಜ ನೋಯಿಸುತ್ತದೆ, ಹಕ್ಕಿ ಹೆಚ್ಚು ಬೀಳಿಸುವುದಿಲ್ಲ. ಮ್ಯಾಗಜೀನ್ ಇರುವ ಕೋವಿಯಾದರೆ ಹೆಚ್ಚು ತೋಟೆ ಹಿಡಿಯದಂತೆ ತಡೆಯುವ ಪ್ಲಗ್ ಒಳಗೆ ಹಾಕಿರಲೇಬೇಕು. ನಳಿಗೆಯಲ್ಲಿ ಒಂದು, ಮ್ಯಾಗಜೀನಿನಲ್ಲಿ ಎರಡು, ಒಟ್ಟು ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯಬಾರದು. ಹೊರಡುವ ಹಿಂದಿನ ದಿನ, ಬೆರಳು ಟ್ರಿಗರ್‌ನಿಂದ ದೂರವಿಟ್ಟು, ಸುರಕ್ಷಿತ ಜಾಗದಲ್ಲಿ ತುಂಬಿಸಿ ನೋಡಿ. ನಾಲ್ಕನೆಯದು ಒಳಗೆ ಹೋದರೆ ಪ್ಲಗ್ ಇಲ್ಲ ಎಂದರ್ಥ.

ಮಕ್ಕಳಿಗೆ ಸಣ್ಣ ನಳಿಗೆಯ .410 ಕೋವಿ ಕೊಡಿ ಎಂದು ಅಂಗಡಿಯವರು ಹೇಳುತ್ತಾರೆ. ಕೊಡಬೇಡಿ. ಅದರಲ್ಲಿ ಚರೆ ಕಡಿಮೆ. ಪಳಗಿದವರ ಕೈಯಲ್ಲೇ ತಪ್ಪುವ ಕೋವಿ ಅದು, ಮಗು ಹತ್ತು ಈಡು ತಪ್ಪಿಸಿ ಬೇಸತ್ತು ಕಾರಿಗೆ ಹೋಗಿ ಕೂರುತ್ತದೆ. ಹಗುರ ತೋಟೆ ಹಾಕಿದ 20 ಗೇಜ್ ಒಳ್ಳೆಯದು. ಮೊದಲ ದಿನ ಒಂದು ಸಲಕ್ಕೆ ಒಂದೇ ತೋಟೆ, ಪಕ್ಕದಲ್ಲಿ ಕೋವಿ ಹಿಡಿಯದ ದೊಡ್ಡವರೊಬ್ಬರು.

ಕನ್ನಡಕ, ಕಿವಿಗೆ ಪ್ಲಗ್ ಎಲ್ಲರಿಗೂ ಬೇಕು, ನೋಡಲು ಬಂದವರಿಗೂ.

ಹೊಲ

ಬೆಳಿಗ್ಗೆ ಬೆಳವಗಳು ಸೂರ್ಯಕಾಂತಿ, ಜೋಳದ ಕೂಳೆ ಹೊಲಕ್ಕೆ ಬರುತ್ತವೆ. ಸಂಜೆ ನೀರಿನ ಹೊಂಡಕ್ಕೆ, ಆಮೇಲೆ ಮರಕ್ಕೆ. ಕಾಳು ಎರಚಿದ ಜಾಗದಲ್ಲಿ ಹೊಡೆಯುವುದು ಅಪರಾಧ. ಎರಚಿದ್ದನ್ನು ಪೂರ್ತಿ ತೆಗೆದ ಮೇಲೂ ಹತ್ತು ದಿನ ಆ ಜಾಗ ನಿಷಿದ್ಧ. ನಿಂತ ಬೆಳೆಯನ್ನು ಕತ್ತರಿಸಿ ಬೀಳಿಸಿದ್ದಾದರೆ ಬೆಳವಕ್ಕೆ ಅಡ್ಡಿಯಿಲ್ಲ. ಹೊಲದ ಮಾಲೀಕರನ್ನು ನೇರವಾಗಿ ಕೇಳಿ. ವಾರ್ಡನ್ ಬಂದಾಗ "ನನಗೆ ಗೊತ್ತಿರಲಿಲ್ಲ" ಎಂದರೆ ನಡೆಯುವುದು ಕಷ್ಟ.

ಕೂರುವ ಕ್ರಮ

ಈ ಭಾಗವನ್ನು ಓದದೆ ಹೋಗಬೇಡಿ. ಏಳೂವರೆ ನಂಬರಿನ ಚರೆ 200 ಗಜದವರೆಗೂ ಹಾರಿ ಬೀಳಬಲ್ಲದು. ದೂರದಿಂದ ಮೇಲಿಂದ ಉದುರುವ ಚರೆ ಟೋಪಿಗೆ ಬಡಿದು ಬೀಳುತ್ತದೆ. 50 ಗಜದಿಂದ ನೇರ ಬಂದದ್ದು ಕಣ್ಣು ಕಳೆಯುತ್ತದೆ. ಅಂದಮೇಲೆ ದೂರಕ್ಕಿಂತ ದಿಕ್ಕು ಮುಖ್ಯ.

ಎಲ್ಲರೂ ಒಂದೇ ಸಾಲಿನಲ್ಲಿ, ಒಂದೇ ಕಡೆ ಮುಖ ಮಾಡಿ ಕೂರಬೇಕು. ಬೇಲಿಯ ಉದ್ದಕ್ಕೆ ಒಬ್ಬೊಬ್ಬರ ನಡುವೆ 60 ಗಜ ಬಿಟ್ಟರೆ ಚೆನ್ನ. ನಿಮ್ಮ ಪಾಲಿನ ಆಕಾಶ ನಿಮ್ಮ ಮುಂದಿನದು ಮಾತ್ರ. ಎಡಗಡೆಯವರ, ಬಲಗಡೆಯವರ ಕಡೆಗೆ ನಳಿಗೆ ತಿರುಗುವ ಮೊದಲೇ ಹಕ್ಕಿಯನ್ನು ಬಿಟ್ಟುಕೊಡಿ. ಕೂತ ತಕ್ಷಣ ಅಕ್ಕಪಕ್ಕದವರಿಗೆ ಕೈಬೀಸಿ, ಅವರೂ ಬೀಸಲಿ. ಯಾರು ಎಲ್ಲಿದ್ದಾರೆ ಎಂದು ನೋಡದೆ ತೋಟೆ ತುಂಬಬೇಡಿ.

ಹೊಲದ ಮೂಲೆ ಅಪಾಯದ ಜಾಗ. ಎರಡು ಬೇಲಿ ಕೂಡುವಲ್ಲಿ ಹಕ್ಕಿ ಹೆಚ್ಚು ಹಾಯುತ್ತದೆ, ಹಾಗಾಗಿ ಎರಡೂ ಬೇಲಿಗೆ ಜನ ಕೂರಿಸುತ್ತಾರೆ. ಆಗ ಒಂದು ಸಾಲು ಇನ್ನೊಂದು ಸಾಲಿಗೆ ಅಡ್ಡವಾಗಿ ಗುರಿಯಿಡುತ್ತದೆ. ಮೂಲೆಯಲ್ಲಿ ಒಬ್ಬರೇ ಇರಲಿ, ಇನ್ನೊಂದು ಬೇಲಿ ಖಾಲಿ ಬಿಡಿ. ನೀರಿನ ಹೊಂಡದ ಸುತ್ತ ಬಳೆಯಾಕಾರದಲ್ಲಿ ಕೂರುವುದು ಇನ್ನೂ ಕೆಟ್ಟದ್ದು. ಹೊಂಡದ ಒಂದೇ ದಡದಲ್ಲಿ ಎಲ್ಲರೂ ಕೂತು ಸೂರ್ಯನನ್ನು ಬೆನ್ನಿಗಿಟ್ಟುಕೊಳ್ಳಿ.

ತಗ್ಗಿನಲ್ಲಿ ಬರುವ ಹಕ್ಕಿಗೆ ಹೊಡೆಯಬಾರದು. ಹಕ್ಕಿಯ ಹಿಂದೆ, ಕೆಳಗೆ, ಅಕ್ಕಪಕ್ಕ ಬರೀ ಆಕಾಶ ಕಾಣಬೇಕು. ಮರದ ತುದಿ, ಬೇಲಿ, ದಿಣ್ಣೆ ಏನಾದರೂ ಕಂಡರೆ ನಳಿಗೆ ಇಳಿಸಿ, "ಲೋ ಬರ್ಡ್" ಎಂದು ಕೂಗಿ ಪಕ್ಕದವರಿಗೆ ತಿಳಿಸಿ. ಹಿಂದಕ್ಕೆ ಹಾರಿಹೋದ ಹಕ್ಕಿಯ ಜೊತೆ ಸೊಂಟ ತಿರುಗಿಸುವುದು ಇನ್ನೊಂದು ಚಾಳಿ. 2006ರ ಫೆಬ್ರುವರಿ 11ರಂದು ದಕ್ಷಿಣ ಟೆಕ್ಸಾಸ್‌ನಲ್ಲಿ ಅಂದಿನ ಉಪಾಧ್ಯಕ್ಷ ಡಿಕ್ ಚೇನಿ ಕ್ವೇಲ್ ಹಕ್ಕಿಯನ್ನು ಹಿಂಬಾಲಿಸಿ ಕೋವಿ ತಿರುಗಿಸಿದಾಗ ಜೊತೆಗಾರ ಹ್ಯಾರಿ ವಿಟಿಂಗ್ಟನ್ ಮುಖ, ಕುತ್ತಿಗೆ, ಎದೆಗೆ ಚರೆ ತಗುಲಿತ್ತು. ವಿಟಿಂಗ್ಟನ್ ಬಿದ್ದ ಹಕ್ಕಿ ಹುಡುಕಲು ಹೋಗಿ ಹಿಂದಿನಿಂದ ಬರುತ್ತಿದ್ದರು. ನಿಮ್ಮ ಸಾಲಿನಲ್ಲೂ ಹಕ್ಕಿ ತರಲು ಏಳುವವರು "ಹೊರಟೆ" ಎಂದು ಕೂಗಿ ಕೈ ಎತ್ತಲಿ. ಅವರು ಮರಳಿ ಕೂರುವವರೆಗೆ ಅಕ್ಕಪಕ್ಕದವರ ಕೋವಿ ಖಾಲಿ ಇರಲಿ.

ಇನ್ನೊಂದು ಕಾನೂನು: ಚರೆ ಬೇಲಿ ದಾಟಿ ಪಕ್ಕದ ಜಮೀನಿಗೆ ಹೋಗುವಂತೆ, ಅನುಮತಿಯಿಲ್ಲದೆ, ಹೊಡೆಯುವುದು ಟೆಕ್ಸಾಸ್‌ನಲ್ಲಿ ಅಪರಾಧ. ಬೇಲಿಗೆ ಬೆನ್ನು ಕೊಟ್ಟು ಹೊಲದ ಒಳಮುಖವಾಗಿ ಕೂರುವುದು ಇದಕ್ಕೂ ಒಳ್ಳೆಯದು.

ಈಡು

ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದವರೆಗೆ ಹೊಡೆಯಬಹುದು. ಆದರೆ ಮಬ್ಬಿನಲ್ಲಿ ಯಾವ ಹಕ್ಕಿ ಎಂದು ತಿಳಿಯುವುದಿಲ್ಲ, ಬೆಳಕು ಹರಿಯುವವರೆಗೆ ಕಾಫಿ ಕುಡಿಯಿರಿ.

ಕೂತಲ್ಲಿಂದ 35 ಹೆಜ್ಜೆ ನಡೆದು ಒಂದು ಗಿಡವನ್ನು ಗುರುತು ಮಾಡಿಕೊಳ್ಳಿ. ಅದರಾಚೆಯ ಹಕ್ಕಿ ನಿಮ್ಮದಲ್ಲ. ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಪಳಗಿದ ಕೊಡಗಿನವರೂ ಇಲ್ಲಿ ಮೊದಲು ತಪ್ಪಿಸಬಹುದು, ಏಕೆಂದರೆ ನಿಂತ ಗುರಿಗೆ ನಳಿಗೆಯೂ ನಿಲ್ಲುತ್ತದೆ. ಬೆಳವ ಗಂಟೆಗೆ 70 ಕಿ.ಮೀ. ಹಾರಿದರೆ ಸೆಕೆಂಡಿಗೆ ಸುಮಾರು 20 ಮೀಟರ್ ಸಾಗುತ್ತದೆ. ಚರೆ 30 ಗಜ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು, ಅಷ್ಟರಲ್ಲಿ ಹಕ್ಕಿ 2 ಮೀಟರ್ ಮುಂದೆ ಹೋಗಿರುತ್ತದೆ. ಹಿಂದಿನಿಂದ ಹಕ್ಕಿಯ ಜೊತೆಗೆ ನಳಿಗೆ ಓಡಿಸಿ, ಅದನ್ನು ದಾಟಿ, ದಾಟುವಾಗಲೇ ಟ್ರಿಗರ್ ಎಳೆಯಿರಿ, ಎಳೆದ ಮೇಲೂ ಓಡಿಸುತ್ತಿರಿ. ಗುಂಪಿಗೆ ಹೊಡೆಯಬೇಡಿ, ಒಂದನ್ನು ಆರಿಸಿ. ಹೊಸಬರು ಒಂದು ಹಕ್ಕಿಗೆ ಐದಾರು ತೋಟೆ ಕಳೆದರೂ ಸಂಕೋಚಪಡಬೇಕಿಲ್ಲ.

ಬಿದ್ದ ಹಕ್ಕಿ ಕೂಳೆಯ ಬಣ್ಣದಲ್ಲಿ ಮಾಯವಾಗುತ್ತದೆ. ಬಿದ್ದ ಜಾಗದ ಮೇಲಿನ ಕಣ್ಣು ತೆಗೆಯದೆ ನೇರ ನಡೆಯಿರಿ, ತಲುಪಿದಲ್ಲಿ ಟೋಪಿ ಇಟ್ಟು ಸುತ್ತ ಹುಡುಕಿ. ಮೊದಲನೆಯದು ಸಿಗುವವರೆಗೆ ಎರಡನೆಯದಕ್ಕೆ ಹೊಡೆಯಬೇಡಿ. ಹುಲ್ಲಿಗೆ ಕೈಹಾಕುವ ಮುನ್ನ ಕೋಲಿನಿಂದ ಸರಿಸಿ ನೋಡಿ, ಅದು ಬುಡುಬುಡಿಕೆ ಹಾವಿನ ಸೀಮೆ.

ಎಣಿಕೆ

ಒಬ್ಬರಿಗೆ ದಿನಕ್ಕೆ 15. ಮೋರ್ನಿಂಗ್ ಡವ್‌ಗೆ ಚೂಪು ಬಾಲ, ವೈಟ್‌ವಿಂಗ್‌ಗೆ ರೆಕ್ಕೆಯಲ್ಲಿ ಬಿಳಿ ಪಟ್ಟೆ. ಈ 15ರಲ್ಲಿ ವೈಟ್-ಟಿಪ್ಡ್ ಡವ್ 2ಕ್ಕಿಂತ ಹೆಚ್ಚು ಸೇರುವಂತಿಲ್ಲ. ಕುತ್ತಿಗೆಯ ಹಿಂದೆ ಕಪ್ಪು ಗೆರೆಯ ಯುರೇಷಿಯನ್ ಕಾಲರ್ಡ್ ಡವ್, ಅಂದರೆ ನಮ್ಮ ಬಯಲುಸೀಮೆಯ ತಂತಿ ಮೇಲೆ ಕೂರುವ ಬೆಳವವೇ, ಅಲ್ಲಿ ಹೊರಗಿನಿಂದ ಬಂದ ಹಕ್ಕಿ. ಅದಕ್ಕೆ ಮಿತಿಯಿಲ್ಲ. ವಾರ್ಡನ್‌ಗೆ ತೋರಿಸಲು ಗರಿ ಕೀಳದೆ ಬೇರೆಯಾಗಿಡಿ.

ಮನೆಯವರೆಲ್ಲರ ಹಕ್ಕಿಯನ್ನು ಒಂದೇ ಪೆಟ್ಟಿಗೆಗೆ ಸುರಿಯುವುದು ದೊಡ್ಡ ತಪ್ಪು. ಒಬ್ಬೊಬ್ಬರಿಗೂ ಒಂದೊಂದು ಚೀಲ. ಇನ್ನೊಬ್ಬರ ಕೈಗೆ ಬಿಟ್ಟುಹೋಗುವುದಾದರೆ ಹೊಡೆದವರ ಸಹಿ, ವಿಳಾಸ, ಹಕ್ಕಿಯ ಜಾತಿ, ಸಂಖ್ಯೆ, ದಿನಾಂಕ ಬರೆದ ಚೀಟಿ ಕಟ್ಟಬೇಕು. ಅಜ್ಜನ 15 ಮುಗಿದ ಮೇಲೆ ಮೊಮ್ಮಗನ ಲೆಕ್ಕಕ್ಕೆ ಅಜ್ಜ ಹೊಡೆಯುವಂತಿಲ್ಲ.

ಸೆಪ್ಟೆಂಬರ್ ಬಿಸಿಲು 38 ಡಿಗ್ರಿ ಮುಟ್ಟಬಹುದು, ಹಾಗಾಗಿ ಹಕ್ಕಿ ಬೇಗ ಐಸ್ ಸೇರಲಿ. ಶುಚಿ ಮಾಡುವುದು ಸುಲಭ: ಎದೆಮೂಳೆಯ ಕೆಳಗೆ ಹೆಬ್ಬೆರಳು ತೂರಿಸಿ ಮೇಲಕ್ಕೆ ಎಳೆದರೆ ಎದೆಮಾಂಸ ಕಿತ್ತು ಬರುತ್ತದೆ. ಚರೆ ತಾಗಿ ನೆತ್ತರು ಕಟ್ಟಿದ ಭಾಗವನ್ನು ಧಾರಾಳವಾಗಿ ಕತ್ತರಿಸಿ ಬಿಸಾಡಿ, ಸೀಸ ಮಕ್ಕಳಿಗೆ ಒಳ್ಳೆಯದಲ್ಲ. ಟೆಕ್ಸಾಸ್‌ನವರು ಹಲಪೆನ್ಯೊ ಮೆಣಸಿನಕಾಯಿ, ಕ್ರೀಮ್ ಚೀಸ್ ಇಟ್ಟು ಬೇಕನ್ ಸುತ್ತಿ ಕೆಂಡದ ಮೇಲೆ ಸುಡುತ್ತಾರೆ. ಕಾಳುಮೆಣಸು, ಶುಂಠಿ-ಬೆಳ್ಳುಳ್ಳಿ ಸವರಿ ಬಿಸಿ ಬಾಣಲೆಯಲ್ಲಿ ಮಗುಚಿದರೆ ನಮಗೆ ಅದಕ್ಕಿಂತ ರುಚಿ. ಯಾವುದೇ ಆದರೂ ಹೆಚ್ಚು ಬೇಯಿಸಿದರೆ ಈ ಮಾಂಸ ಈಲಿಯ ವಾಸನೆ ಹೊಡೆಯುತ್ತದೆ. ತಿನ್ನುವಾಗ ಮೆಲ್ಲಗೆ ಅಗಿಯಿರಿ, ಒಂದು ಚರೆ ಉಳಿದೇ ಇರುತ್ತದೆ.