ತಣ್ಣಗಿದ್ದಾಗ ಒಂದು ಸಲ, ಕಾದ ಮೇಲೆ ಇನ್ನೊಂದು ಸಲ

ಮನೆಯಲ್ಲಿ ಏಳು ಜನ. ಮಿನಿವ್ಯಾನೇ ಬೇಕು, ಹೊಸದು ಕೊಳ್ಳುವ ಶಕ್ತಿಯಿಲ್ಲ. ಮೊದಲ ಸಲ ಸೆಕೆಂಡ್ ಹ್ಯಾಂಡ್ ವ್ಯಾನ್ ಕೊಂಡಾಗ ಸೀಟು ನೋಡಿದೆ, ಜಾರುಬಾಗಿಲು ಎಳೆದು ನೋಡಿದೆ, ಎ.ಸಿ. ನೋಡಿದೆ. ಹತ್ತು ನಿಮಿಷ ಓಡಿಸಿದೆ, ಬೆಣ್ಣೆ ಹಾಗೆ ಹೋಯಿತು. ಐದು ತಿಂಗಳಾದ ಮೇಲೆ ಒಂದು ಏರಿನಲ್ಲಿ ಇಂಜಿನ್ ಭೋರ್ ಅಂತ ಕೂಗುತ್ತಿದೆ, ಗಾಡಿ ಮಾತ್ರ ನಿಂತಲ್ಲೇ ನಿಂತಿದೆ. ಅದರ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿದರೆ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟು ಕರಕಲಾಗಿದ್ದವು. ಬಿಲ್ ನೋಡಿದಾಗ ಗಾಡಿಯನ್ನು ಇನ್ನೊಂದು ಸಲ ಕೊಂಡಂತೆಯೇ ಅನ್ನಿಸಿತು.

ಆಮೇಲೆ ಒಂದೊಂದೇ ನೆನಪಾಯಿತು. ನಾನು ನೋಡಲು ಹೋದ ದಿನ ಬಾನೆಟ್ ಬಿಸಿಯಾಗಿತ್ತು. "ನೀವು ಬರ್ತೀರಲ್ಲ ಅಂತ ಒಂದು ರೌಂಡ್ ಹಾಕ್ಕೊಂಡ್ ಬಂದೆ ಸಾರ್" ಅಂದಿದ್ದರು ಮಾರಿದವರು. ಕೊಂಡ ಮೇಲೆ ಬೆಳಗ್ಗೆ ಮೊದಲ ಸಲ ಡ್ರೈವ್‌ಗೆ, ಅಂದರೆ ಮುಂದಕ್ಕೆ ಹೋಗುವ ಗೇರ್‌ಗೆ, ಹಾಕಿದಾಗ ಎರಡು ಮೂರು ಸೆಕೆಂಡ್ ಏನೂ ಆಗದೆ, ಆಮೇಲೆ ಧಡ್ ಅಂತ ಹಿಡಿಯುತ್ತಿತ್ತು. ಗಾಡಿಗೆ ವಯಸ್ಸಾಗಿದೆ ಅಂದುಕೊಂಡು ಸುಮ್ಮನಿದ್ದೆ. ಅದು ರೋಗದ ಲಕ್ಷಣ ಅಂತ ತಿಳಿಸಿಕೊಟ್ಟವರು ಗೇರ್‌ಬಾಕ್ಸ್ ಬಿಚ್ಚಿದ ಮೆಕ್ಯಾನಿಕ್.

ಆಟೊಮ್ಯಾಟಿಕ್‌ನಲ್ಲಿ ಗೇರ್ ಹಿಡಿಯುವುದು ಆಯಿಲ್‌ನ ಒತ್ತಡದಿಂದ. ರಬ್ಬರ್ ಸೀಲುಗಳು ಹಳತಾಗಿ ಗಟ್ಟಿಯಾದರೆ ತಣ್ಣಗಿರುವಾಗ ಒತ್ತಡ ಸೋರಿಹೋಗುತ್ತದೆ, ಗೇರ್ ತಡವಾಗಿ ಹಿಡಿಯುತ್ತದೆ. ಸ್ವಲ್ಪ ಓಡಿ ಸೀಲು ಮೆತ್ತಗಾದರೆ ಎಲ್ಲ ಸರಿ ಕಾಣುತ್ತದೆ. ಪಂಪು, ವಾಲ್ವ್ ಸವೆದಿದ್ದರೆ ಇದಕ್ಕೆ ಉಲ್ಟಾ. ತಣ್ಣಗಿರುವಾಗ ಆಯಿಲ್ ಮಂದವಾಗಿದ್ದು ಸಂದುಗಳನ್ನು ಮುಚ್ಚಿಡುತ್ತದೆ. ಚೆನ್ನಾಗಿ ಕಾದು ನೀರಾದ ಮೇಲೆ ಗೇರ್ ಜಾರಲು ಶುರು. ಅಂದರೆ ಆಗಲೇ ಬಿಸಿ ಮಾಡಿಟ್ಟ ಗಾಡಿಯನ್ನು ಹತ್ತು ನಿಮಿಷ ಓಡಿಸಿದ ನಾನು ಎರಡರಲ್ಲಿ ಒಂದನ್ನೂ ಪರೀಕ್ಷೆ ಮಾಡಿರಲಿಲ್ಲ.

ಮಿನಿವ್ಯಾನ್‌ಗೆ ಈ ತೊಂದರೆ ಹೆಚ್ಚು ಕಾಡುವುದಕ್ಕೆ ಕಾರಣ ಇದೆ. ಮುಂದಿನ ಚಕ್ರ ಎಳೆಯುವ, ಕಾರಿನಷ್ಟೇ ಸಣ್ಣ ಜಾಗದಲ್ಲಿ ಅಡ್ಡಲಾಗಿ ತುರುಕಿದ ಗೇರ್‌ಬಾಕ್ಸ್. ಅದರ ಮೇಲೆ ಏಳೆಂಟು ಜನ, ಸಾಮಾನು. ಆ ಭಾರ ಎಳೆಯುವ ಶ್ರಮದ ಒಂದು ಪಾಲು ಶಾಖವಾಗಿ ಆಯಿಲ್‌ಗೆ ಇಳಿಯುತ್ತದೆ. ಹಿಂದೆ ಟ್ರೇಲರ್ ಎಳೆಯುವ ಕೊಕ್ಕೆ ಇದ್ದರೆ ನಾನಂತೂ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತೇನೆ.

ಎರಡನೇ ಸಲ ಹೊರಟಾಗ ಮೊದಲು ಮಾಡೆಲ್‌ಗಳ ಚರಿತ್ರೆ ಓದಿದೆ. ಬ್ರ್ಯಾಂಡಿನ ಹೆಸರು ನೋಡಿ ಕೊಳ್ಳುವುದು ಎಷ್ಟು ದಡ್ಡತನ ಅಂತ ಆಗ ಗೊತ್ತಾಯಿತು. ಗಟ್ಟಿ ಗಾಡಿ ಅನ್ನಿಸಿಕೊಂಡ ಹೋಂಡಾ ಒಡಿಸ್ಸಿಯಲ್ಲೇ, ಸೆಕೆಂಡ್ ಗೇರ್ ವಿಪರೀತ ಕಾದು ಹಲ್ಲು ಮುರಿಯಬಹುದೆಂದು 2002ರಿಂದ 2004ರ ಮಾಡೆಲ್‌ಗಳನ್ನು ಕಂಪನಿ 2004ರಲ್ಲಿ ಅಮೆರಿಕದಲ್ಲಿ ರೀಕಾಲ್ ಮಾಡಿತ್ತು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಿತ್ತು. ಅದೇ ಒಡಿಸ್ಸಿಯ 2018ರ ಮಾಡೆಲ್‌ನಲ್ಲಿ ಕೆಲವಕ್ಕೆ ಒಂಬತ್ತು ಗೇರ್, ದುಬಾರಿ ಟ್ರಿಮ್‌ಗಳಿಗೆ (ಅದೇ ಮಾಡೆಲ್‌ನ ಮೇಲ್ದರ್ಜೆಗಳಿಗೆ) ಹತ್ತು ಗೇರ್. ಹೆಸರು ಒಂದೇ, ಒಳಗಿನ ಪೆಟ್ಟಿಗೆ ಬೇರೆ. ಹಾಗಾಗಿ ಇಸವಿ, ಟ್ರಿಮ್, ಗೇರ್‌ಬಾಕ್ಸ್ ಯಾವುದು, ರೀಕಾಲ್ ಕೆಲಸ ಮುಗಿದಿದೆಯಾ, ಇಷ್ಟು ತಿಳಿಯದೆ ಗಾಡಿ ನೋಡಲು ಹೊರಡಲಿಲ್ಲ.

ಫೋನಿನಲ್ಲೇ ಹೇಳಿಬಿಡುತ್ತಿದ್ದೆ: "ದಯವಿಟ್ಟು ಸ್ಟಾರ್ಟ್ ಮಾಡಬೇಡಿ, ನಾನು ಬಂದ ಮೇಲೇ ಮಾಡೋಣ." ಇಬ್ಬರು ಅಲ್ಲಿಗೇ ಫೋನ್ ಇಟ್ಟರು. ಒಳ್ಳೆಯದೇ ಆಯಿತು, ನನ್ನ ಓಡಾಟ ಉಳಿಯಿತು.

ಒಂದು ಗಾಡಿಯ ಕಥೆ ಹೇಳಲೇಬೇಕು. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಚುಚ್ಚಿದೆ, ದೋಷ ತೋರಿಸುವ ಕೋಡ್ ಒಂದೇ ಒಂದೂ ಇಲ್ಲ. ಆದರೆ ಗಾಡಿ ತನ್ನನ್ನು ತಾನೇ ಪರೀಕ್ಷಿಸಿ ಮುಗಿಸಿದೆಯಾ ಅಂತ ತಿಳಿಸುವ ರೆಡಿನೆಸ್ ಮಾನಿಟರ್‌ಗಳು ಬಹುಪಾಲು 'ನಾಟ್ ರೆಡಿ' ಅಂತಿವೆ. ಕೋಡ್ ಅಳಿಸಿದರೂ ಹೀಗಾಗುತ್ತದೆ, ಬ್ಯಾಟರಿ ತೆಗೆದು ಹಾಕಿದರೂ ಹೀಗಾಗುತ್ತದೆ. "ನಿನ್ನೆ ಹೊಸ ಬ್ಯಾಟರಿ ಹಾಕ್ಸಿದೆ" ಅಂದರು. ಬಾನೆಟ್ ಎತ್ತಿ ನೋಡಿದೆ, ಟರ್ಮಿನಲ್‌ಗಳ ಮೇಲೆ ಬಿಳಿ ಪುಡಿ ದಪ್ಪಗೆ ಕೂತಿತ್ತು. ಅದು ಒಂದು ರಾತ್ರಿಯಲ್ಲಿ ಬೆಳೆಯುವಂಥದ್ದಲ್ಲ. ನಮಸ್ಕಾರ ಹೇಳಿ ಬಂದೆ.

ಕೊನೆಗೆ ಕೊಂಡದ್ದು ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ವ್ಯಾನ್. ತಣ್ಣಗಿರುವಾಗ ಬ್ರೇಕ್ ಒತ್ತಿ ಹಿಡಿದು ರಿವರ್ಸ್‌ಗೆ, ಡ್ರೈವ್‌ಗೆ ಹಾಕಿದೆ. ಒಂದು ಸೆಕೆಂಡಿನೊಳಗೆ ಹಿಡಿಯಿತು. ಆಮೇಲೆ ಮುಕ್ಕಾಲು ಗಂಟೆ ಓಡಿಸಿದೆ, ಏರು ಹತ್ತಿಸಿದೆ. ನನ್ನ ಕಣ್ಣು ಇಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳಿನ ಮೇಲೇ. ಗೇರ್ ಬದಲಾಗುವ ಗಳಿಗೆಯಲ್ಲಿ ಮುಳ್ಳು ಸುಮ್ಮನೆ ಮೇಲೆ ಹಾರಿದರೆ ಜಾರುತ್ತಿದೆ ಎಂದರ್ಥ. ಹಾರಲಿಲ್ಲ. ಆದರೆ ಗಂಟೆಗೆ 70 ಕಿಲೋಮೀಟರ್ ಆಸುಪಾಸಿನಲ್ಲಿ ಆಕ್ಸಿಲರೇಟರ್ ಮೇಲೆ ಹಗುರಾಗಿ ಕಾಲಿಟ್ಟರೆ ಗಾಡಿ ಸಣ್ಣಗೆ ನಡುಗುತ್ತಿತ್ತು, ರಸ್ತೆಯ ಸಾಲು ಉಬ್ಬುಪಟ್ಟಿಗಳ ಮೇಲೆ ಹೋದ ಹಾಗೆ. ಇಂಜಿನ್‌ನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ತನ್ನೊಳಗಿನ ಕ್ಲಚ್‌ನಿಂದ ಲಾಕ್ ಆಗುವ ಹೊತ್ತಿನ ನಡುಕ ಅದು. ಹಳೇ ಆಯಿಲ್‌ನಿಂದಲೂ ಬರಬಹುದು, ಸವೆದ ಕ್ಲಚ್‌ನಿಂದಲೂ ಬರಬಹುದು.

ಗೇರ್‌ಬಾಕ್ಸ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್‌ನಿಂದ ಒಂದು ಹನಿ ಬಿಳಿ ಕಾಗದದ ಮೇಲೆ ಬಿಟ್ಟೆ. ಕಂದು ಬಣ್ಣ, ಆದರೆ ಸುಟ್ಟ ವಾಸನೆಯಿಲ್ಲ, ಕರಿಪುಡಿಯಿಲ್ಲ. ಕಪ್ಪಾಗಿ ಸುಟ್ಟ ವಾಸನೆ ಬಂದಿದ್ದರೆ ಬಿಟ್ಟುಬಿಡುತ್ತಿದ್ದೆ. ಹಾಲು ಬೆರೆಸಿದಂತೆ ಗುಲಾಬಿ ಬಣ್ಣವಿದ್ದರೂ ಅಷ್ಟೇ, ಅದು ರೇಡಿಯೇಟರ್‌ನಿಂದ ಕೂಲೆಂಟ್ ಒಳಗೆ ನುಗ್ಗಿದ ಗುರುತು. ಕೆಂಪಗೆ ಫಳಫಳ ಹೊಳೆಯುತ್ತಿದ್ದರೆ ಬಿಲ್ ಕೇಳುತ್ತಿದ್ದೆ. ಮಾರುವ ವಾರ ಆಯಿಲ್ ಬದಲಿಸುವವರಿಗೆ ಏನೋ ಕಾರಣ ಇರುತ್ತದೆ.

ಆ ನಡುಕ ತೋರಿಸಿ ಬೆಲೆ ಇಳಿಸಿಕೊಂಡು ಕೊಂಡೆ. ಜೂಜೇ ಅದು, ಒಪ್ಪುತ್ತೇನೆ. "ಹಳೇ ಆಯಿಲ್ ತೆಗೆದ್ರೆ ಗೇರ್‌ಬಾಕ್ಸ್ ಸತ್ತೋಗುತ್ತೆ" ಅಂತ ಹೆದರಿಸಿದವರು ಇದ್ದರು. ನನ್ನ ಪ್ರಕಾರ ಹಾಗೆ ಸಾಯುವುದು ಮೊದಲೇ ಸಾಯುತ್ತಿದ್ದದ್ದು. ಆದರೂ ಮೆಷಿನ್ ಹಾಕಿ ಒತ್ತಡದಿಂದ ತೊಳೆಸಲಿಲ್ಲ. ಬೋಲ್ಟ್ ಬಿಚ್ಚಿದರೆ ಅರ್ಧಕ್ಕಿಂತ ಕಡಿಮೆ ಆಯಿಲ್ ಮಾತ್ರ ಇಳಿಯುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲೇ ಇರುತ್ತದೆ. ಅದಕ್ಕೇ ನಡುವೆ ಕೆಲವು ನೂರು ಕಿಲೋಮೀಟರ್ ಓಡಿಸುತ್ತಾ ಮೂರು ಸಲ ಇಳಿಸಿ ತುಂಬಿಸಿದೆ. ಮ್ಯಾನ್ಯುಅಲ್‌ನಲ್ಲಿ ಬರೆದ ಗ್ರೇಡೇ ಹಾಕಿದೆ, "ಎಲ್ಲದಕ್ಕೂ ನಡೆಯುತ್ತೆ" ಅನ್ನುವ ಡಬ್ಬ ಮುಟ್ಟಲಿಲ್ಲ.

ಎರಡನೇ ಸಲಕ್ಕೆ ನಡುಕ ಕಡಿಮೆಯಾಯಿತು, ಮೂರನೆಯದಕ್ಕೆ ನಿಂತಿತು. ಈಗ ಎರಡು ವರ್ಷವಾಯಿತು. ಬೆಳಗ್ಗೆ ಎರಡರಿಂದ ಮೂರನೇ ಗೇರ್‌ಗೆ ಹೋಗುವಾಗ ಒಂದು ಸಣ್ಣ ತಳ್ಳು ಇದ್ದೇ ಇದೆ. ಮೆಕ್ಯಾನಿಕ್ ಪಕ್ಕದಲ್ಲಿ ಕೂತು ನೋಡಿ, "ಇದು ಇರೋದೇ ಹೀಗೆ, ಓಡಿಸಿ" ಅಂದಿದ್ದಾರೆ. ಓಡಿಸುತ್ತಿದ್ದೇನೆ, ಕಿವಿ ಮಾತ್ರ ಆ ಗೇರಿನ ಕಡೆಗೇ.