ಕಲ್ಲಾಗದ, ಬಣ್ಣ ಬಿಡದ ಪುನರ್ಪುಳಿ ಐಸ್‌ಕ್ಯಾಂಡಿ

ಶಾಲೆಗೆ ರಜೆ, ಮೈಯೆಲ್ಲ ಬೆವರಿಳಿಸುವ ಸೆಕೆ, ಅಂಗಳದ ಮೂಲೆಯಲ್ಲಿ ಹಣ್ಣು ಉದುರಿಸುತ್ತಿರುವ ಪುನರ್ಪುಳಿ (ಮುರುಗಲು, ಕೋಕಂ) ಮರ. ಏಪ್ರಿಲ್, ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆಮನೆಯ ಫ್ರಿಜ್ಜಿನಲ್ಲೂ ಐಸ್‌ಕ್ಯಾಂಡಿ ಅಚ್ಚು ಕೂರುತ್ತದೆ. ಆದರೆ ಹೆಚ್ಚಿನ ಮನೆಗಳ ಕ್ಯಾಂಡಿ ನಾಲ್ಕು ಸಲ ಚೀಪುವಷ್ಟರಲ್ಲಿ ಬಣ್ಣವನ್ನೂ ಸಿಹಿಯನ್ನೂ ಬಿಟ್ಟುಕೊಟ್ಟು, ಕಡ್ಡಿಯಲ್ಲಿ ಬರೀ ಬಿಳಿ ಐಸ್ ಉಳಿಸುತ್ತದೆ. ಕಚ್ಚಿದರೆ ಹಲ್ಲು ಜುಮ್ಮೆನ್ನುವಷ್ಟು ಗಟ್ಟಿ. ಮಕ್ಕಳು ಅದನ್ನು ಅರ್ಧಕ್ಕೇ ಬಿಟ್ಟು ಅಂಗಡಿಯ ಸಿಪ್‌ಅಪ್‌ಗೆ ಓಡಿದರೆ ತಪ್ಪು ಮಕ್ಕಳದ್ದಲ್ಲ.

ಕೆಡುವುದು ಎರಡು ಕಡೆ: ಕುಡಿಯಲು ಮಾಡಿದ ಶರಬತ್ತನ್ನೇ ಅಚ್ಚಿಗೆ ಸುರಿಯುವಲ್ಲಿ, ಸುರಿದದ್ದನ್ನು ಅಲುಗಾಡಿಸದೆ ಬೆಳಗಿನವರೆಗೆ ಬಿಡುವಲ್ಲಿ. ನೀರು ಹೆಪ್ಪುಗಟ್ಟುವಾಗ ಸಕ್ಕರೆಯನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ, ಆಚೆ ದೂಡುತ್ತದೆ. ಅಚ್ಚಿನ ಗೋಡೆಗೆ ತಾಗಿ ಮೊದಲು ಗಟ್ಟಿಯಾಗುವುದು ಹೆಚ್ಚುಕಡಿಮೆ ಬರೀ ನೀರು. ಸಕ್ಕರೆ, ಹುಳಿ, ಬಣ್ಣ ಎಲ್ಲವೂ ನಡುವಿಗೆ ಸರಿಯುತ್ತವೆ. ಹೆಪ್ಪುಗಟ್ಟುವುದು ನಿಧಾನವಾದಷ್ಟೂ ಈ ಬೇರ್ಪಡುವಿಕೆ ಹೆಚ್ಚು, ಹರಳುಗಳೂ ದೊಡ್ಡವು.

ಯಾವ ಪುನರ್ಪುಳಿ?

ಒಣಸಿಪ್ಪೆಯಾದರೆ ಕಪ್ಪುಮಿಶ್ರಿತ ಕೆಂಪು ಬಣ್ಣದ್ದು, ಒತ್ತಿದರೆ ತುಸು ಮೆತ್ತಗಿರುವುದು ಬೇಕು. ಉಪ್ಪು ಹಾಕಿ ಒಣಗಿಸಿದ್ದು ಸಾರಿಗೆ ಆದೀತು, ಕ್ಯಾಂಡಿಗೆ ಬೇಡ. ಒಂದು ಚೂರು ನಾಲಗೆಗಿಟ್ಟರೆ ಉಪ್ಪು ಗೊತ್ತಾಗುತ್ತದೆ. ನಮ್ಮ ಕಡೆಯ ಅಂಗಡಿಗಳಲ್ಲಿ ಇನ್ನೊಂದು ಎಡವಟ್ಟೂ ಉಂಟು. ಬರೀ ‘ಪುಳಿ’ ಎಂದು ಕೇಳಿದರೆ ಮೀನು ಸಾರಿನ ಕುಡಂಪುಳಿ ಕಟ್ಟಿಕೊಡುತ್ತಾರೆ. ಅದು ಹೊಗೆಯಲ್ಲಿ ಒಣಗಿಸಿದ ಕರಿಸಿಪ್ಪೆ, ಬೇರೆಯೇ ಮರದ್ದು. ಕ್ಯಾಂಡಿಗೆ ಹಾಕಿದರೆ ಹೊಗೆವಾಸನೆ ಹೊಡೆಯುತ್ತದೆ. ಹೆಸರು ಪೂರ್ತಿ ಹೇಳಿ, ಮೂಸಿ ನೋಡಿಯೇ ತನ್ನಿ.

ಪೇಟೆಯ ಬಾಟಲಿ ಸಿರಪ್ಪು ಕೊಳ್ಳುವುದಾದರೆ ಲೇಬಲ್ ಓದಿ. ಕೃತಕ ಬಣ್ಣ, ಎಸೆನ್ಸ್ ಎಂದಿದ್ದರೆ ಅಲ್ಲೇ ಇಟ್ಟು ಬನ್ನಿ. ಮನೆಯಲ್ಲಿ ಈಗಾಗಲೇ ಇರುವ ಬಾಟಲಿಯ ಮೇಲೆ ಸಂಶಯವಿದ್ದರೆ ಎರಡು ಚಮಚ ಸಿರಪ್ಪಿಗೆ ನೀರು ಬೆರೆಸಿ, ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ನೊರೆ ನಿಲ್ಲುವ ತನಕ ಹಾಕಿ. ಹಣ್ಣಿನ ಬಣ್ಣವಾದರೆ ಕೆಂಪು ಕಳೆದು ಮಂಕಾಗಿ ಬೇರೆ ಬಣ್ಣಕ್ಕೆ ತಿರುಗುತ್ತದೆ. ಆಗಲೂ ಕೆಂಪು ಕೆಂಪಾಗಿಯೇ ಉಳಿದರೆ ಅದು ಹಣ್ಣಿನದ್ದಲ್ಲ.

ಅಳತೆ

70 ಮಿ.ಲೀ. ಹಿಡಿಯುವ 15 ಅಚ್ಚುಗಳಿಗೆ: ಒಣಸಿಪ್ಪೆ 50 ಗ್ರಾಂ, ಸಕ್ಕರೆ 210 ಗ್ರಾಂ, ಕುದಿಸಿದ ನೀರು ಒಟ್ಟು 1 ಲೀಟರು ಚಿಲ್ಲರೆ, ಕೂವೆ ಹುಡಿ (ಆರಾರೂಟ್) ಎರಡು ಚಹಾ ಚಮಚ, ಉಪ್ಪು ಎರಡು ಚಿಟಿಕೆ, ಬೇಕಿದ್ದರೆ ಹುರಿದು ಹುಡಿ ಮಾಡಿದ ಜೀರಿಗೆ ಕಾಲು ಚಮಚ. ಏಲಕ್ಕಿ ಬೇಡ, ಪುನರ್ಪುಳಿಯ ಪರಿಮಳವನ್ನು ಅದು ಮುಚ್ಚುತ್ತದೆ.

ಸಕ್ಕರೆಯನ್ನು ತೂಗಿ ಹಾಕಿ. ತಕ್ಕಡಿ ಇಲ್ಲದಿದ್ದರೆ 200 ಮಿ.ಲೀ. ಲೋಟದ ಬಾಯಿಮಟ್ಟ ಸಕ್ಕರೆ ಸುಮಾರು 170 ಗ್ರಾಂ ಎಂದು ಲೆಕ್ಕ ಹಿಡಿಯಿರಿ. ಮೇಲಿನ ಅಳತೆಯಲ್ಲಿ ಮಿಶ್ರಣದ ನೂರು ಪಾಲಿನಲ್ಲಿ 17ರಿಂದ 18 ಪಾಲು ಸಕ್ಕರೆ ಇರುತ್ತದೆ. ನಾವು ಕುಡಿಯುವ ಶರಬತ್ತಿನಲ್ಲಿ 12, 13ಕ್ಕಿಂತ ಹೆಚ್ಚಿರುವುದು ಅಪರೂಪ. ಅಷ್ಟು ತೆಳುವಾದದ್ದು ಫ್ರೀಜರಿನಲ್ಲಿ ಕಲ್ಲಾಗದೆ ಇನ್ನೇನಾದೀತು? ಸಕ್ಕರೆ 25 ಪಾಲು ದಾಟಿದರೆ ಕ್ಯಾಂಡಿ ನಿಲ್ಲುವುದೇ ಇಲ್ಲ, ಅಚ್ಚಿನಿಂದ ಎಳೆದಾಗ ಕಡ್ಡಿ ಮಾತ್ರ ಕೈಗೆ ಬರುತ್ತದೆ. ಮಿಶ್ರಣವನ್ನು ಬಾಯಿಗೆ ಹಾಕಿದಾಗ ‘ಇದು ಜಾಸ್ತಿ ಸಿಹಿಯಾಯಿತು’ ಎನ್ನಿಸಬೇಕು. ತಣ್ಣಗಾದಾಗ ನಾಲಗೆಗೆ ಸಿಹಿ ಕಡಿಮೆಯೇ ಗೊತ್ತಾಗುವುದು. ಸಕ್ಕರೆ ಕಡಿಮೆ ಬೇಕೆನ್ನುವವರು ಕ್ಯಾಂಡಿಯನ್ನು ಚಿಕ್ಕದು ಮಾಡಲಿ, ಅಳತೆ ಮುಟ್ಟುವುದು ಬೇಡ.

ಸಿಂಗಲ್ ಡೋರ್ ಫ್ರಿಜ್ಜಿನವರಿಗೆ ಒಂದು ಮಾತು. ಅದರ ಐಸ್ ಪೆಟ್ಟಿಗೆ ಡಬಲ್ ಡೋರಿನ ಫ್ರೀಜರಿನಷ್ಟು (ಸೊನ್ನೆಗಿಂತ 18 ಡಿಗ್ರಿ ಕೆಳಗೆ) ತಣ್ಣಗಾಗುವುದು ಕಡಿಮೆ. ಸಕ್ಕರೆಯನ್ನು 180 ಗ್ರಾಂಗೆ ಇಳಿಸಿ. ಗೋಡೆಗೆ ಮಂಜು ದಪ್ಪಗೆ ಕಟ್ಟಿದ್ದರೆ ಹಿಂದಿನ ದಿನವೇ ಕರಗಿಸಿ ಒರೆಸಿಡಿ. ಆ ಮಂಜು ಕಂಬಳಿ ಹೊದೆಸಿದ ಹಾಗೆ, ತಣ್ಣನೆಯನ್ನು ಅಚ್ಚಿಗೆ ತಾಗಲು ಬಿಡುವುದಿಲ್ಲ. ಚಾಕು ಹಾಕಿ ಕೆತ್ತಿದರೆ ಒಳಗಿನ ಗ್ಯಾಸ್ ಕೊಳವೆ ತೂತಾಗಿ ಫ್ರಿಜ್ಜೇ ಕೈಕೊಡುತ್ತದೆ.

ರಸ ಮತ್ತು ಪಾಕ

ಸಿಪ್ಪೆಯನ್ನು ಒಮ್ಮೆ ತೊಳೆದು, ಕುದಿಸಿ ಉಗುರುಬೆಚ್ಚಗಾದ 750 ಮಿ.ಲೀ. ನೀರಿನಲ್ಲಿ ಐದು ಗಂಟೆ ನೆನೆಹಾಕಿ. ಸ್ಟೀಲ್, ಗಾಜು ಅಥವಾ ಭರಣಿ ಆಗಬಹುದು. ಅಲ್ಯೂಮಿನಿಯಂ, ಹಿತ್ತಾಳೆ ಬೇಡ, ಹುಳಿ ಅವನ್ನು ತಿನ್ನುತ್ತದೆ. ಚೆನ್ನಾಗಿ ಹಿಚುಕಿ ಬಟ್ಟೆಯಲ್ಲಿ ಸೋಸಿ. ಅವಸರಕ್ಕೆ ಸಿಪ್ಪೆಯನ್ನು ಕುದಿಸುವವರಿದ್ದಾರೆ. ಕುದಿಸಿದರೆ ಕೆಂಪು ಕಂದಾಗುತ್ತದೆ. ಹಿಂಡಿದ ಸಿಪ್ಪೆ ಬಿಸಾಡಬೇಡಿ, ರಾತ್ರಿಯ ಸಾರಿಗೆ ಅದು ಧಾರಾಳ ಸಾಕು.

ನೀರು ಕುದಿಸಿ ಎಂದದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಸಿಗೆಯ ಕೊನೆಗೆ ಬಾವಿ ತಳ ಕಾಣುವ ಹೊತ್ತಿನ ನೀರದು. ಹಳದಿ ಕಾಮಾಲೆ ತರುವ ವೈರಸ್ಸು ಐಸಿನಲ್ಲಿ ಸಾಯುವುದಿಲ್ಲ.

ಇನ್ನು ಪಾಕ. 300 ಮಿ.ಲೀ. ನೀರಿಗೆ ಅಷ್ಟೂ ಸಕ್ಕರೆ, ಉಪ್ಪು ಹಾಕಿ ಕುದಿಸಿ. ಎಳೆಪಾಕ ಬೇಕಿಲ್ಲ, ಕರಗಿ ಎರಡು ನಿಮಿಷ ಕುದಿದರೆ ಸಾಕು. ಕೂವೆ ಹುಡಿಯನ್ನು ನಾಲ್ಕು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಕೊಂಡು, ಉರಿ ಸಣ್ಣ ಮಾಡಿ, ಒಂದು ಕೈಯಲ್ಲಿ ಸುರಿಯುತ್ತ ಇನ್ನೊಂದು ಕೈಯಲ್ಲಿ ತಿರುಗಿಸಿ. ಮೊದಲು ಪಾತ್ರೆಯೊಳಗೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಅರ್ಧ ನಿಮಿಷ ಕಳೆಯುವಾಗ ಸೌಟಿನ ಸುತ್ತ ಆ ಬಿಳಿ ಹರಿದು, ಪಾಕ ತಿಳಿಯಾಗಿ ಹೊಳೆಯತೊಡಗುತ್ತದೆ, ಸೌಟು ಎತ್ತಿದರೆ ಹನಿ ತುಸು ತಡೆದು ಬೀಳುತ್ತದೆ. ಆ ಕ್ಷಣಕ್ಕೇ ಒಲೆ ಆರಿಸಿ. ಹೆಚ್ಚು ಕುದಿಸಿದರೆ ಕೂವೆ ಮತ್ತೆ ನೀರಾಗುತ್ತದೆ.

ಕೂವೆಯೇ ಏಕೆ, ಕಾರ್ನ್‌ಫ್ಲೋರ್ ಏಕಲ್ಲ? ಕಾರ್ನ್‌ಫ್ಲೋರ್ ಹುಳಿಯ ಜೊತೆ ಸೋಲುತ್ತದೆ, ಹೆಪ್ಪುಗಟ್ಟಿ ಕರಗಿದಾಗ ನೀರು ಬಿಡುತ್ತದೆ, ಬಣ್ಣವನ್ನು ಮಂಕು ಮಾಡುತ್ತದೆ. ಕೂವೆ ಹುಳಿಯನ್ನೂ ತಣ್ಣನೆಯನ್ನೂ ತಾಳುತ್ತದೆ, ತಿಳಿಯಾಗಿಯೇ ಉಳಿಯುತ್ತದೆ. ಅದು ಕೊಡುವ ಸಣ್ಣ ಮಂದತನ ಸಕ್ಕರೆ ನಡುವಿಗೆ ಓಡದಂತೆ, ಹರಳು ದೊಡ್ಡದಾಗದಂತೆ ತಡೆಯುತ್ತದೆ. ಹಸುವಿನ ಹಾಲಿನ ಕ್ಯಾಂಡಿಗೆ ಮಾತ್ರ ಕೂವೆ ಸಲ್ಲದು, ಲೋಳೆಯಾಗುತ್ತದೆ. ಹಿತ್ತಲಲ್ಲಿ ಕೂವೆ ಬೆಳೆದು ಹುಡಿ ಮಾಡಿಟ್ಟವರಿಂದ ತಂದರೆ ಉತ್ತಮ. ಪ್ಯಾಕೆಟ್ಟಿನ ಹುಡಿಗೆ ಮರಗೆಣಸಿನ ಹಿಟ್ಟು ಬೆರೆಸಿರುವುದುಂಟು.

ಪಾಕ ಪೂರ್ತಿ ಆರಿದ ಮೇಲೆ ರಸಕ್ಕೆ ಬೆರೆಸಿ, ಜೀರಿಗೆ ಹುಡಿ ಹಾಕಿ, ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಮೂರು ಗಂಟೆ ತಣ್ಣಗಾಗಲು ಬಿಡಿ. ಬಿಸಿ ಮಿಶ್ರಣ ಫ್ರೀಜರಿಗೆ ಹೋದರೆ ಒಳಗಿದ್ದದ್ದೆಲ್ಲ ಬೆಚ್ಚಗಾಗಿ, ಹೆಪ್ಪುಗಟ್ಟುವುದು ದುಪ್ಪಟ್ಟು ತಡ.

ಮನೆಯ ಸಿರಪ್ಪು ಭರಣಿಯಲ್ಲಿದ್ದರೆ (ಒಂದು ಪಾಲು ಸಿಪ್ಪೆಗೆ ಎರಡು ಪಾಲು ಸಕ್ಕರೆ ಹಾಕಿ ಬಿಸಿಲಲ್ಲಿಟ್ಟದ್ದು) ಈ ಕೆಲಸವೆಲ್ಲ ಉಳಿಯಿತು. ಕುಡಿಯುವಾಗ ಲೋಟಕ್ಕೆ ಐದು ಪಾಲು ನೀರು ಹಾಕುತ್ತೀರಿ. ಕ್ಯಾಂಡಿಗೆ ಮೂರೂವರೆ ಪಾಲಿಗೆ ನಿಲ್ಲಿಸಿ. ಆ ನೀರಿನಲ್ಲಿ ಸ್ವಲ್ಪ ತೆಗೆದು ಕೂವೆ ಕಾಯಿಸಿಕೊಂಡರಾಯಿತು.

ಹೆಪ್ಪುಗಟ್ಟಿಸುವುದು

ನೇರ ಅಚ್ಚಿಗೆ ಸುರಿಯಬೇಡಿ. ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ, ಎರಡರಿಂದ ಮೂರು ಸೆಂಟಿಮೀಟರ್ ಎತ್ತರ ಬರುವಂತೆ ಸುರಿದು ಫ್ರೀಜರಿನ ತಳಕ್ಕೆ ತಾಗಿಸಿ ಇಡಿ. ಫ್ರೀಜರನ್ನು ಎರಡು ಗಂಟೆ ಮೊದಲೇ ಅತಿ ತಣ್ಣನೆಯ ಅಂಕಿಗೆ ತಿರುಗಿಸಿರಬೇಕು. ಖಾಲಿ ಅಚ್ಚುಗಳನ್ನೂ ಪಕ್ಕದಲ್ಲೇ ಇಡಿ.

ಮುಕ್ಕಾಲು ಗಂಟೆಗೆ ತೆರೆದು ನೋಡಿದರೆ ಪಾತ್ರೆಯ ಅಂಚಿನಲ್ಲಿ ತೆಳು ಗುಲಾಬಿ ಬಣ್ಣದ ಐಸಿನ ಬಳೆ ಕಟ್ಟಿರುತ್ತದೆ, ನಡುವಿನ ರಸ ಇನ್ನೂ ಕಡುಕೆಂಪು. ಸಕ್ಕರೆ ನಡುವಿಗೆ ಸರಿಯುವುದು ಕಣ್ಣಿಗೇ ಕಾಣುವುದು ಈಗ. ಮುಳ್ಳುಚಮಚದಿಂದ ಅಂಚನ್ನೂ ತಳವನ್ನೂ ಕೆರೆದು, ಹರಳುಗಳನ್ನು ಪುಡಿಮಾಡಿ ರಸದೊಳಗೆ ಕದಡಿ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ. ಮೂರನೆಯ ಸಲ ತೆರೆಯುವಾಗ ಇಡೀ ಪಾತ್ರೆ ಒಂದೇ ಬಣ್ಣಕ್ಕೆ ಬಂದು, ಸೌಟಿನಿಂದ ಎತ್ತಿದರೆ ದಪ್ಪ ಗಂಜಿಯ ಹದದಲ್ಲಿ ಜಾರುತ್ತದೆ. ಇದೇ ಹದ. ಇದಕ್ಕಿಂತ ಮೊದಲು ಸುರಿದರೆ ಕೆಲಸ ವ್ಯರ್ಥ, ತಡವಾದರೆ ಅಚ್ಚಿನ ಮೂಲೆಗೆ ಇಳಿಯದೆ ನಡುವೆ ಗಾಳಿ ನಿಲ್ಲುತ್ತದೆ.

ಈಗ ಕೈ ಚುರುಕಾಗಲಿ. ತಣ್ಣನೆಯ ಅಚ್ಚುಗಳಿಗೆ ತುಂಬಿ, ಮೇಲೆ ಅರ್ಧ ಸೆಂಟಿಮೀಟರ್ ಜಾಗ ಬಿಡಿ. ನೀರು ಐಸಾದಾಗ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಉಬ್ಬುತ್ತದೆ. ಅಚ್ಚನ್ನು ಮೇಜಿಗೆ ಎರಡು ಸಲ ಮೆಲ್ಲಗೆ ತಟ್ಟಿ ಗಾಳಿ ಬಿಡಿಸಿ. ಕಡ್ಡಿ ಚುಚ್ಚಿದರೆ ಯಾವ ಆಸರೆಯೂ ಇಲ್ಲದೆ ನೆಟ್ಟಗೆ ನಿಲ್ಲುತ್ತದೆ. ನೀರಿನಂಥ ಮಿಶ್ರಣಕ್ಕೆ ಕಡ್ಡಿ ಚುಚ್ಚಿ, ಅದು ವಾಲಿತೆಂದು ಫಾಯಿಲ್, ರಬ್ಬರ್ ಬ್ಯಾಂಡ್ ಕಟ್ಟುವ ಪಾಡು ಇಲ್ಲಿಲ್ಲ. ಅಗಲದ ಮರದ ಕಡ್ಡಿಯೇ ಇರಲಿ. ತೆಂಗಿನ ಗರಿಕಡ್ಡಿ ಸಪೂರ, ಕ್ಯಾಂಡಿ ಅದರ ಸುತ್ತ ತಿರುಗಿ ಜಾರಿ ಬೀಳುತ್ತದೆ. ನಾಲ್ಕೈದು ಗಂಟೆಯಲ್ಲಿ ಸಿದ್ಧ.

ಅಚ್ಚಿಗೆಂದು ದುಡ್ಡು ಸುರಿಯಬೇಕಿಲ್ಲ. ಬಾಯಿ ಅಗಲ, ತಳ ಕಿರಿದಾದ ಸಣ್ಣ ಸ್ಟೀಲ್ ಲೋಟ ಪ್ಲಾಸ್ಟಿಕ್ಕಿಗಿಂತ ಬೇಗ ತಣ್ಣಗಾಗುತ್ತದೆ, ಕ್ಯಾಂಡಿಯನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಆನ್‌ಲೈನಿನಲ್ಲಿ ಸಿಗುವ ಗೊಂಬೆ, ನಕ್ಷತ್ರದ ಆಕಾರದ ಅಚ್ಚುಗಳಲ್ಲಿ ಕಿವಿ ಮೂಗು ಅಚ್ಚಿನಲ್ಲೇ ಉಳಿಯುತ್ತವೆ. ಬಿಡಿಸುವಾಗ ಸಾಧಾರಣ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡ್ ಅದ್ದಿ, ಕಡ್ಡಿಯನ್ನು ನೇರ ಮೇಲಕ್ಕೆಳೆಯಿರಿ. ಬಿಸಿನೀರು ಬೇಡ.

ಕರೆಂಟು ಹೋದರೆ ಬಾಗಿಲು ತೆರೆದು ನೋಡುವ ಚಪಲ ಬಿಡಿ. ಅರ್ಧ ಕರಗಿ ಮತ್ತೆ ಗಟ್ಟಿಯಾದ ಕ್ಯಾಂಡಿ ದೊರಗು ಹರಳಿನದ್ದಾಗುತ್ತದೆ. ಅಂಥದ್ದನ್ನು ಕರಗಿಸಿ ಮತ್ತೆ ಪಾತ್ರೆಗೆ ಸುರಿದು ಕದಡುವುದೇ ದಾರಿ. ಮೀನು ಇಡುವ ಫ್ರೀಜರಾದರೆ ಕ್ಯಾಂಡಿಯನ್ನು ಒಂದೊಂದಾಗಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಎರಡು ವಾರದೊಳಗೆ ಮುಗಿಸಿ.

ಮಾವು, ಬೊಂಡ

ಕಾಟು ಮಾವಿನ ಹಣ್ಣಿನದ್ದು ಪುನರ್ಪುಳಿಗೆ ಸರಿಸಾಟಿ. ತೊಟ್ಟಿನ ಕಡೆ ಚೂರು ಕತ್ತರಿಸಿ ಸೊನೆ ತೊಳೆದುಬಿಡಿ, ಇಲ್ಲವಾದರೆ ಗಂಟಲು ಕೆರೆಯುತ್ತದೆ. ಅರ್ಧ ಲೀಟರ್ ಸೋಸಿದ ರಸಕ್ಕೆ 350 ಮಿ.ಲೀ. ನೀರು (ಗೊರಟು ತೊಳೆದ ನೀರೂ ಸೇರಿ), 120 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು. ಹಣ್ಣಿನಲ್ಲೇ ಸಕ್ಕರೆ ಇರುವುದರಿಂದ ಇಷ್ಟು ಸಾಕು, ತೀರಾ ಹುಳಿಯಾದರೆ 20 ಗ್ರಾಂ ಹೆಚ್ಚಿಸಿ. ರಸವೇ ಮಂದವಿರುವುದರಿಂದ ಕೂವೆ ಬೇಕಿಲ್ಲ.

ಬೊಂಡದ ನೀರನ್ನು (ಎಳನೀರನ್ನು) ಹಾಗೇ ಇಟ್ಟರೆ ಅಪ್ಪಟ ಕಲ್ಲು, ಅದರಲ್ಲಿ ಸಕ್ಕರೆ ನೂರಕ್ಕೆ ಐದು ಪಾಲಿನ ಆಸುಪಾಸು ಮಾತ್ರ. ಲೀಟರಿಗೆ 140 ಗ್ರಾಂ ಸಕ್ಕರೆ, ಅರ್ಧ ನಿಂಬೆಯ ರಸ, ಸಪೂರ ಹೆಚ್ಚಿದ ಬೊಂಡದ ಗಂಜಿ (ಎಳೆ ತಿರುಳು) ಸೇರಿಸಿ. ಕುದಿಸಿದರೆ ಪರಿಮಳ ಹೋಗುತ್ತದೆ. ಹಾಗಾಗಿ ಕತ್ತಿ, ಬೊಂಡದ ಹೊರಮೈ, ಪಾತ್ರೆ ಮೂರನ್ನೂ ತೊಳೆದೇ ಕೆತ್ತಿ.

ತಿರುಗಾಟಕ್ಕೆ ಒಯ್ಯುವುದಾದರೆ

ಬೇಕಲ ಕೋಟೆಯೊಳಗೆ ನೆರಳು ಕಡಿಮೆ. ಕಾಸರಗೋಡು ಪೇಟೆಯಿಂದ 16 ಕಿ.ಮೀ. ಹೋಗುವಷ್ಟರಲ್ಲಿ ಬರೀ ಐಸಿನ ನಡುವೆ ಇಟ್ಟ ಕ್ಯಾಂಡಿ ಮೆತ್ತಗಾಗಿಬಿಡುತ್ತದೆ. ಕಾರಣ ಸರಳ: ಕರಗುವ ಐಸು ಸೊನ್ನೆ ಡಿಗ್ರಿಯಲ್ಲಿ ನಿಲ್ಲುತ್ತದೆ, ಸಕ್ಕರೆಯ ಕ್ಯಾಂಡಿ ಅದಕ್ಕಿಂತ ಕೆಳಗೇ ಕರಗಲು ತೊಡಗುತ್ತದೆ. ಕುಟ್ಟಿದ ಐಸು ಮೂರು ಪಾಲು, ಕಲ್ಲುಪ್ಪು ಒಂದು ಪಾಲು ಬೆರೆಸಿದರೆ ಸೊನ್ನೆಗಿಂತ 15, 20 ಡಿಗ್ರಿ ಕೆಳಗಿಳಿಯುತ್ತದೆ. ಅದನ್ನು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, ಥರ್ಮಾಕೋಲ್ ಪೆಟ್ಟಿಗೆಯ ತಳಕ್ಕೂ ಮೇಲಕ್ಕೂ ಇಟ್ಟು, ನಡುವೆ ಕ್ಯಾಂಡಿ ಡಬ್ಬಿ ಇಡಿ. ಚೀಲವನ್ನು ಬರಿಗೈಯಲ್ಲಿ ಹೆಚ್ಚು ಹೊತ್ತು ಹಿಡಿಯಬೇಡಿ, ಚರ್ಮ ಮರಗಟ್ಟುತ್ತದೆ. ಈ ಕೆಲಸಕ್ಕೆ ಮೀನು ಮಾರ್ಕೆಟಿನ ಐಸು ನಡೆದೀತು, ಆದರೆ ಅದರ ಒಂದು ಹನಿಯೂ ಡಬ್ಬಿಯೊಳಗೆ ಹೋಗಬಾರದು. ಮನೆಗೆ ಬಂದ ಮೇಲೆ ಚೀಲದ ಉಪ್ಪುನೀರನ್ನು ಹೂಗಿಡದ ಬುಡಕ್ಕೋ ಅಡಿಕೆಯ ಬುಡಕ್ಕೋ ಸುರಿಯಬೇಡಿ. ತೆಂಗು ತಾಳಿಕೊಂಡೀತು, ಅಡಿಕೆ ತಾಳದು.